ಕೆರೆ ತುಂಬಿದೆ, ಬೆಳ್ಳಕ್ಕಿ ಮಾತ್ರ ಗೂಡು ಬಿಟ್ಟು ಹೋದವು. ಯಾಕೆ?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಒಂದು ಹಳ್ಳಿ. ಊರ ಕೆರೆಯ ನಡುವೆ ಮುಂಡಿಗೆ (ಕೇದಗೆ ಜಾತಿಯ ಮುಳ್ಳೆಲೆ ಗಿಡ) ಹಿಂಡು ಇದೆ. ಪ್ರತಿ ಮಳೆಗಾಲ ಬೆಳ್ಳಕ್ಕಿ, ನೀರುಕಾಗೆ ಬಂದು ಅಲ್ಲಿ ಗೂಡು ಕಟ್ಟುತ್ತವೆ. ಈ ಬೇಸಿಗೆಯಲ್ಲಿ ಹೂಳು ತೆಗೆಸಿ, ಕೋಡಿಯನ್ನು ಎರಡಡಿ ಏರಿಸಿದೆವು. ಜೂನ್ ಮೊದಲ ವಾರ ಹಕ್ಕಿ ಬಂದವು, ಗೂಡೂ ಕಟ್ಟಿದವು. ಜುಲೈ ಕೊನೆಗೆ ನೋಡಿದರೆ ಅರ್ಧಕ್ಕರ್ಧ ಇಲ್ಲ. ಕೆರೆಯಲ್ಲಿ ನೀರಿಗೇನೂ ಕಮ್ಮಿ ಇಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ನೀರು ಇಳಿಯುವಾಗಲೇ ಇಂಥ ಹಕ್ಕಿಗಳು ಮರಿ ಮಾಡುತ್ತವೆ ಎಂದು ಟಿವಿಯಲ್ಲಿ ನೋಡಿದೆ. ಹಾಗಾದರೆ ನಾವು ತೂಬು ತೆಗೆದು ನೀರು ಇಳಿಸಬೇಕಾ?

ಉತ್ತರ: ಬೇಡ. ತೂಬು ಮುಟ್ಟಬೇಡಿ. ಮುಂಡಿಗೆಯಲ್ಲಿ ಇನ್ನೂ ಮರಿಗಳಿರುವಾಗ ನೀರು ಇಳಿಸಿದರೆ ಉಳಿದ ಅರ್ಧವೂ ಹೋಗುತ್ತದೆ. ಕಾರಣ ಸ್ವಲ್ಪ ಉದ್ದ ಇದೆ, ಫ್ಲೋರಿಡಾದಿಂದಲೇ ಶುರು ಮಾಡೋಣ.

ನೀವು ಟಿವಿಯಲ್ಲಿ ನೋಡಿದ್ದು ಸುಳ್ಳಲ್ಲ. ಅದು ಎವರ್‌ಗ್ಲೇಡ್ಸ್, ಫ್ಲೋರಿಡಾದ ದಕ್ಷಿಣ ತುದಿಯಲ್ಲಿರುವ ದೊಡ್ಡ ಜೌಗು. ಅಲ್ಲಿ ಮಳೆಗಾಲ ಹೆಚ್ಚುಕಡಿಮೆ ಜೂನ್‌ನಿಂದ ಅಕ್ಟೋಬರ್ ತನಕ, ಆಮೇಲೆ ಮೇ ತನಕ ಒಣ ಕಾಲ. ನೆಲ ಎಷ್ಟು ಚಪ್ಪಟೆ ಅಂದರೆ ಒಂದು ಕಿಲೋಮೀಟರ್ ನಡೆದರೆ ಇಳಿಜಾರು ಸಿಗುವುದು ಮೂರು ಸೆಂಟಿಮೀಟರ್ ಆಸುಪಾಸು. ಮಳೆಗಾಲದಲ್ಲಿ ಸಣ್ಣ ಮೀನು ಹುಲ್ಲಿನ ನಡುವೆ ಎಲ್ಲೆಲ್ಲೋ ಹರಡಿಕೊಂಡು ಬೆಳೆಯುತ್ತವೆ. ಒಣ ಕಾಲದಲ್ಲಿ ನೀರು ನಿಧಾನಕ್ಕೆ ಹಿಂದೆ ಸರಿಯುತ್ತದೆ, ಅಷ್ಟೂ ಮೀನು ಉಳಿದ ಗುಂಡಿಗಳಿಗೆ ಬಂದು ಒತ್ತೊತ್ತಾಗುತ್ತವೆ. ಒಂದು ಗುಂಡಿ ಮುಗಿಯುವಷ್ಟರಲ್ಲಿ ಸ್ವಲ್ಪ ದೂರದಲ್ಲಿ ಇನ್ನೊಂದು ತಯಾರಾಗಿರುತ್ತದೆ. ಮರಿ ಸಾಕುವವರಿಗೆ ಇದಕ್ಕಿಂತ ಏನು ಬೇಕು?

ಅಲ್ಲಿನ ವುಡ್ ಸ್ಟಾರ್ಕ್ ಎಂಬ ಕೊಕ್ಕರೆಗಂತೂ ಇದು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅದು ಕಣ್ಣಿನಿಂದ ನೋಡಿ ಮೀನು ಹಿಡಿಯುವ ಹಕ್ಕಿಯಲ್ಲ. ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಇಟ್ಟುಕೊಂಡು ನಡೆಯುತ್ತದೆ, ಏನಾದರೂ ತಾಗಿದ ತಕ್ಷಣ ಮುಚ್ಚುತ್ತದೆ. ಆ ಮುಚ್ಚುವಿಕೆಗೆ ಬೇಕಾಗುವುದು 25 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ನಲವತ್ತರಲ್ಲಿ ಒಂದು ಪಾಲು. ಎಷ್ಟೇ ಚುರುಕಾಗಿದ್ದರೂ ಮೀನು ಬಂದು ತಾಗಬೇಕಲ್ಲ? ಮೀನು ಚದುರಿದ್ದರೆ ತಾಗುವುದಿಲ್ಲ. ಹಾಗಾಗಿ ಒಣ ಕಾಲದ ನಡುವೆ ಅಕಾಲದ ಮಳೆ ಸುರಿದು ನೀರು ಏರಿತೋ, ಮೀನು ಮತ್ತೆ ಚದುರುತ್ತವೆ, ತಂದೆತಾಯಿ ಮೊಟ್ಟೆ-ಮರಿ ಬಿಟ್ಟು ಎದ್ದು ಹೋಗುತ್ತವೆ. ಜೊತೆಗೆ ಇವುಗಳಿಗೆ ಗೂಡು ಕಟ್ಟುವುದರಿಂದ ಮರಿ ತನ್ನ ಕಾಲ ಮೇಲೆ ನಿಲ್ಲುವ ತನಕ ನಾಲ್ಕು ತಿಂಗಳ ಹತ್ತಿರ ಬೇಕು. ಹಿಂದೆ ನವೆಂಬರ್-ಡಿಸೆಂಬರ್‌ನಲ್ಲೇ ಶುರು ಮಾಡುತ್ತಿದ್ದವು. 1948ರ ನಂತರ ಅಲ್ಲಿ ಕಾಲುವೆ, ಒಡ್ಡುಗಳನ್ನು ಕಟ್ಟಿ ನೀರಿನ ಹರಿವನ್ನೇ ಬದಲಾಯಿಸಿದರು. ಹಕ್ಕಿಗಳು ಶುರು ಮಾಡುವುದು ಜನವರಿ, ಫೆಬ್ರವರಿ, ಮಾರ್ಚ್‌ಗೆ ಹೋಯಿತು. ಮರಿ ಹಾರುವ ಮೊದಲೇ ಮಳೆ ಬಂದುಬಿಡುತ್ತದೆ.

ಇನ್ನೊಂದು ವಿಷಯ ಟಿವಿಯವರು ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ. ನೀರು ಇಳಿಯಬೇಕು ನಿಜ, ಆದರೆ ಅದಕ್ಕೂ ಮೊದಲು ತುಂಬಿರಲೇಬೇಕು. 2017ರಲ್ಲಿ ಅಲ್ಲಿ ಮಳೆ ಜಾಸ್ತಿ, ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಬೇರೆ. ಜೌಗು ಪೂರ್ತಿ ತುಂಬಿತು, ಮೀನು ಬೆಳೆದವು. 2018ರ ಒಣ ಕಾಲದಲ್ಲಿ ದಕ್ಷಿಣ ಫ್ಲೋರಿಡಾದಲ್ಲಿ ಎಣಿಸಿದ ಗೂಡು ಸುಮಾರು 1.38 ಲಕ್ಷ, ದಶಕಗಳಲ್ಲಿ ಕಾಣದಷ್ಟು. ಬರೀ ಒಣಗಿಸಿದ್ದರಿಂದ ಬಂದದ್ದಲ್ಲ ಅದು.

ಈಗ ನಿಮ್ಮ ಕೆರೆಗೆ ಬನ್ನಿ.

ನಮ್ಮ ಬೆಳ್ಳಕ್ಕಿ ನೀರು ಇಳಿಯಲಿ ಎಂದು ಕಾಯುವುದಿಲ್ಲ. ಅದರ ಮರಿಗೆ ಬೇಕಾದ್ದು ಮೊದಲ ಮಳೆಯ ಜೊತೆಗೇ ಬರುತ್ತದೆ. ಜೂನ್‌ನಲ್ಲಿ ಎರಡು ದಿನ ಜೋರು ಮಳೆ ಹೊಡೆಯಲಿ, ಹಳ್ಳದಿಂದ ಹತ್ತುಮೀನು (ಹರಿವಿಗೆ ಎದುರಾಗಿ ಹತ್ತಿ ಬರುವ ಮೀನು) ಗದ್ದೆಗೆ ಏರುತ್ತವೆ, ರಾತ್ರಿಯಿಡೀ ಕಪ್ಪೆ ವಟಗುಟ್ಟುತ್ತವೆ, ವಾರದೊಳಗೆ ಗದ್ದೆ ತುಂಬ ಗೊದಮೊಟ್ಟೆ. ಏಡಿ, ಏರೋಪ್ಲೇನ್ ಚಿಟ್ಟೆಯ ನೀರಿನ ಮರಿ, ಮಿಡತೆ ಎಲ್ಲ ಆಗಲೇ. ಗೋವಕ್ಕಿಗಂತೂ ನೀರೇ ಬೇಡ, ದನದ ಹಿಂದೆ ನಡೆದು ಹುಳ ಹೆಕ್ಕಿದರೆ ಸಾಕು. ಸೋಂದಾದ ಮುಂಡಿಗೆ ಕೆರೆಗೆ ಹಕ್ಕಿ ಬಂದವು ಅಂದರೆ ಮಳೆ ಇನ್ನೇನು ಬಂತು ಎಂದು ಆ ಕಡೆಯವರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಸುಮ್ನೆ ಹೇಳುವ ಮಾತಲ್ಲ ಅದು. ಹಕ್ಕಿ ಬರುವುದು ಗದ್ದೆಯ ಲೆಕ್ಕ ಇಟ್ಟುಕೊಂಡು. ಮೊಟ್ಟೆಗೆ ಕಾವು ಕೊಡುವುದು ಮೂರು ವಾರದ ಮೇಲೆ ನಾಲ್ಕೈದು ದಿನ, ಮರಿ ಹಾರುವುದಕ್ಕೆ ಇನ್ನೂ ಆರು ವಾರದ ಹತ್ತಿರ. ಅಷ್ಟೂ ದಿನ ಗದ್ದೆಯಲ್ಲಿ ತಿನ್ನಲು ಇರಬೇಕು.

ಹಾಗಂತ "ಅಮೆರಿಕದ ಹಕ್ಕಿ ಹಾಗೆ, ನಮ್ಮ ಹಕ್ಕಿ ಹೀಗೆ" ಎಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲೇ ಎರಡೂ ಇವೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ ಮರಿ ಮಾಡುವುದು ಮಳೆಗಾಲ ಕಳೆದು, ಚಳಿಗಾಲದಿಂದ ಬೇಸಿಗೆ ತನಕ, ಸುತ್ತಲಿನ ಕೆರೆಗಳ ನೀರು ಕಮ್ಮಿಯಾಗುತ್ತ ಹೋಗುವಾಗ. ಅದೂ ಫ್ಲೋರಿಡಾದ ವುಡ್ ಸ್ಟಾರ್ಕೂ ಹತ್ತಿರದ ಸಂಬಂಧಿಗಳು. ಎರಡೂ ದೊಡ್ಡ ದೇಹದವು, ಮೀನೇ ಬೇಕು, ಎರಡೂ ಕೊಕ್ಕಿಗೆ ತಾಗಿದ್ದನ್ನು ಹಿಡಿಯುವವು. ಊಟ ಹಿಡಿಯುವ ರೀತಿ ಒಂದೇ ಆದ್ದರಿಂದ ಕಾಲವೂ ಒಂದೇ ಥರ. ಬೆಳ್ಳಕ್ಕಿ ನೋಡಿ ಚುಚ್ಚುವ ಹಕ್ಕಿ, ಸಿಕ್ಕಿದ್ದನ್ನು ತಿನ್ನುತ್ತದೆ, ಹಾಗಾಗಿ ಅದರ ಕಾಲ ಬೇರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಗೂಡಿನ ಕೆಳಗಿನ ನೀರು ಊಟಕ್ಕಲ್ಲ, ಕಾವಲಿಗೆ. ಊಟದ ನೀರು ಬೇರೆ ಕಡೆ ಇರುತ್ತದೆ. ಕೆರೆಯ ನೀರು ಮುಂಗುಸಿ, ಪುನುಗು ಬೆಕ್ಕು, ನಾಯಿ, ಮನುಷ್ಯ ಇವರನ್ನು ದೂರ ಇಡುತ್ತದೆ. ಎವರ್‌ಗ್ಲೇಡ್ಸ್‌ನಲ್ಲೂ ಹೀಗೇ. ಗೂಡಿನ ಮರದ ಕೆಳಗೆ ನೀರಿದ್ದರೆ ಅಲ್ಲಿ ಅಲಿಗೇಟರ್ ಮೊಸಳೆ ಇರುತ್ತದೆ, ಅದು ಇದ್ದರೆ ರಕೂನ್ ಎಂಬ ಮರ ಹತ್ತುವ ಕಳ್ಳ ಬರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬಿದ್ದ ಮರಿ ಮೊಸಳೆಗೆ, ಅದು ಕಾವಲಿನ ಸಂಬಳ. ನೀರು ಪೂರ್ತಿ ಒಣಗಿ ಮೊಸಳೆ ಹೋದರೆ ರಕೂನ್‌ಗಳು ಇಡೀ ಗೂಡಿನ ಮರಗಳನ್ನೇ ಖಾಲಿ ಮಾಡುತ್ತವೆ. ಅಂದರೆ "ನೀರು ಇಳಿಯುವಾಗ ಮರಿ" ಎಂಬ ಆ ಊರಿನಲ್ಲೂ ಗೂಡಿನ ಬುಡದಲ್ಲಿ ನೀರು ಇಳಿಯಬಾರದು, ಇಳಿಯಬೇಕಾದ್ದು ಊಟದ ಜಾಗದಲ್ಲಿ. ನಮ್ಮಲ್ಲಿ ಮೊಸಳೆ ಬೇಕೆಂದರೆ ದಾಂಡೇಲಿಯ ಕಾಳಿ ನದಿಗೆ ಹೋಗಬೇಕು, ಶಿರಸಿಯ ಕೆರೆಯಲ್ಲಿ ನೀರೇ ಕಾವಲುಗಾರ. ಅದಕ್ಕೇ ತೂಬು ಮುಟ್ಟಬೇಡಿ ಅಂದದ್ದು.

ಸರಿ, ಅರ್ಧ ಹಕ್ಕಿ ಹೋದವು ಅಂದಿರಿ. ಯಾವ ಅರ್ಧ? ಇದನ್ನು ನೀವು ಬರೆದಿಲ್ಲ, ಉತ್ತರ ಇರುವುದು ಅದರಲ್ಲೇ.

ಮರಿ ದೊಡ್ಡದಾಗಿ ಹಾರಿ ಹೋಗಿರಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಜೂನ್ ಮೊದಲ ವಾರ ಬಂದ ಬೆಳ್ಳಕ್ಕಿ ಗೂಡು ಕಟ್ಟಿ, ಮೊಟ್ಟೆ ಇಟ್ಟು, ಕಾವು ಕೊಟ್ಟು, ಮರಿ ಹಾರಿಸುವಷ್ಟರಲ್ಲಿ ಆಗಸ್ಟ್ ನಡುಭಾಗ ದಾಟುತ್ತದೆ. ಜುಲೈ ಕೊನೆಗೆ ಖಾಲಿಯಾದ ಗೂಡು ಕೈಬಿಟ್ಟ ಗೂಡೇ.

ಕೆಳಗಿನ ಗೂಡುಗಳು ಮಾತ್ರ ಹೋಗಿದ್ದರೆ ಕಾರಣ ನಿಮ್ಮ ಕೋಡಿ. ಎಷ್ಟೋ ವರ್ಷದಿಂದ ಆ ಕೆರೆ ತುಂಬಿದಾಗ ನೀರು ಎಲ್ಲಿ ನಿಲ್ಲುತ್ತಿತ್ತೋ ಅದಕ್ಕಿಂತ ಮೇಲೆ ಗೂಡುಗಳಿದ್ದವು. ಹಳೆಯ ಗೂಡಿನ ಕಡ್ಡಿ ಉಳಿದಿರುತ್ತದೆ, ಬಂದವು ಅದರ ಮೇಲೇ ಕಟ್ಟುತ್ತವೆ. ಈ ವರ್ಷ ಕೋಡಿ ಎರಡಡಿ ಮೇಲೆ ಹೋಗಿದೆ ಎಂದು ಹಕ್ಕಿಗೆ ಹೇಳಿದವರು ಯಾರು? ಜೂನ್‌ನಲ್ಲಿ ನೋಡುವಾಗ ಎಲ್ಲ ಸರಿಯಾಗಿಯೇ ಇತ್ತು. ಜುಲೈನಲ್ಲಿ ವಾರಗಟ್ಟಲೆ ಮಳೆ ಹಿಡಿದು ಕೆರೆ ಹೊಸ ಕೋಡಿ ತನಕ ತುಂಬಿದಾಗ ಮೊಟ್ಟೆ, ಸಣ್ಣ ಮರಿ ಎಲ್ಲ ನೀರಿನಲ್ಲಿ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಿನಲ್ಲಿ ಇದೇ ತೊಂದರೆ ದೊಡ್ಡ ಪ್ರಮಾಣದಲ್ಲಿ ಆಗುತ್ತದೆ, ಕೆಆರ್‌ಎಸ್‌ನಿಂದ ಒಮ್ಮೆಲೇ ಜಾಸ್ತಿ ನೀರು ಬಿಟ್ಟಾಗ ನಡುಗಡ್ಡೆಗಳೇ ಮುಳುಗುತ್ತವೆ. ಒಂದು ಬೈನಾಕ್ಯುಲರ್ ಇದ್ದರೆ ಏರಿಯ ಮೇಲೆ ನಿಂತೇ ನೋಡಿ. ಮುಂಡಿಗೆ ಎಲೆಯ ಬುಡದಲ್ಲಿ ನೀರಿಗೆ ತಾಗಿದಂತೆ ಕಡ್ಡಿಯ ಗುಪ್ಪೆಗಳು ಕಂಡರೆ ಅನುಮಾನವೇ ಬೇಡ.

ದಡಕ್ಕೆ ಹತ್ತಿರದ ಗೂಡುಗಳು ಹೋಗಿದ್ದರೆ ಕಳ್ಳ ಬಂದಿದ್ದಾನೆ. ಉಡ, ಹೆಬ್ಬಾವು ಈಜಿಯೂ ಬರುತ್ತವೆ, ಅದಕ್ಕೇನೂ ಮಾಡಲಾಗದು. ಆದರೆ ಒಂದು ಗಮನಿಸಿ. ಹೂಳು ತೆಗೆದ ಕೆರೆ ತುಂಬುವುದು ತಡ. ಮೊದಲು ಜೂನ್ ಮಧ್ಯಕ್ಕೇ ಮುಂಡಿಗೆಯ ಸುತ್ತ ನೀರು ನಿಲ್ಲುತ್ತಿದ್ದರೆ ಈ ಸಲ ಜುಲೈ ತನಕ ಒಂದು ಬದಿ ಕೆಸರೇ ಇದ್ದಿರಬಹುದು, ಮುಂಗುಸಿಗೆ ಅಷ್ಟು ಸಾಕು.

ಬೆಳ್ಳಕ್ಕಿ ಹೋಗಿ ನೀರುಕಾಗೆ ಉಳಿದಿದ್ದರೆ? ನನಗೆ ಜಾಸ್ತಿ ಅನುಮಾನ ಇರುವುದು ಇದರ ಮೇಲೆ. ನೀರುಕಾಗೆ ಮುಳುಗಿ ಮೀನು ಹಿಡಿಯುತ್ತದೆ, ಆಳ ಎಷ್ಟಿದ್ದರೂ ಅದಕ್ಕೆ ಚಿಂತೆ ಇಲ್ಲ. ಬೆಳ್ಳಕ್ಕಿಯ ಜಗತ್ತು ಅದರ ಕಾಲಿನಷ್ಟೇ ಉದ್ದ. ಸಣ್ಣ ಬೆಳ್ಳಕ್ಕಿ, ಕೊಳದ ಬಕಕ್ಕೆ ಅರ್ಧ ಗೇಣು ನೀರು, ದೊಡ್ಡ ಬೆಳ್ಳಕ್ಕಿಗೆ ಒಂದು ಗೇಣು, ಅದಕ್ಕಿಂತ ಆಳವಾದರೆ ಆ ಜಾಗ ಇಲ್ಲದ ಹಾಗೆಯೇ. ಜೆಸಿಬಿಯಲ್ಲಿ ಹೂಳು ತೆಗೆಸುವಾಗ ಸಾಮಾನ್ಯವಾಗಿ ದಡವನ್ನು ಗೋಡೆಯ ಹಾಗೆ ನೇರ ಕಡಿದು ಬಿಡುತ್ತಾರೆ, ಲೆಕ್ಕಕ್ಕೆ ನೀರು ಜಾಸ್ತಿ ಹಿಡಿಯುತ್ತದೆ, ನೋಡಲೂ ಚಂದ. ಹಿಂದೆ ದಡದಿಂದ ಹತ್ತು ಹೆಜ್ಜೆ ತನಕ ಮೊಣಕಾಲು ಮುಚ್ಚದ ನೀರು, ಅದರಲ್ಲಿ ಜೊಂಡು, ಅದರ ನಡುವೆ ಕಪ್ಪೆ, ಸಣ್ಣ ಮೀನು ಇದ್ದವು ಅಲ್ವಾ? ಅದು ಈಗ ಇದೆಯಾ ನೋಡಿ.

ನೀರಿನ ಬಣ್ಣವನ್ನೂ ನೋಡಿ. ಹೊಸದಾಗಿ ಕಡಿದ ದಡದ ಮಣ್ಣು ಮೊದಲ ಮಳೆಗಾಲ ಪೂರ್ತಿ ಕರಗುತ್ತಲೇ ಇರುತ್ತದೆ, ಕೆರೆ ಕೆಂಪು ಚಹಾದ ಹಾಗಾಗಿರುತ್ತದೆ. ಕಣ್ಣಿನಿಂದ ಬೇಟೆ ಆಡುವ ಹಕ್ಕಿಗೆ ಅದರಲ್ಲಿ ಏನು ಕಾಣಬೇಕು? ಕೆಂಬರಲು, ಚಮಚದ ಕೊಕ್ಕಿನಂಥವು ತಡಕಾಡಿ ತಿನ್ನುತ್ತವೆ, ಅವಕ್ಕೆ ರಾಡಿ ನೀರಾದರೂ ನಡೆಯುತ್ತದೆ. ಬೆಳ್ಳಕ್ಕಿಗೆ ನಡೆಯುವುದಿಲ್ಲ.

ಆದರೂ ಕೆರೆಯ ಅಂಚು ಬೆಳ್ಳಕ್ಕಿಗೆ ತಿಂಡಿ ಅಷ್ಟೇ, ಊಟ ಗದ್ದೆಯದು. ಎವರ್‌ಗ್ಲೇಡ್ಸ್‌ನಲ್ಲಿ ನೀರು ಒಂದು ಗೇಣು ಇಳಿದರೆ ನೀರಿನ ಅಂಚು ಕಿಲೋಮೀಟರ್‌ಗಟ್ಟಲೆ ಸರಿಯುತ್ತದೆ, ಅಷ್ಟೂ ಜಾಗ ಹಕ್ಕಿಗೆ ನಡೆಯಲು ಸಿಗುತ್ತದೆ. ನಮ್ಮ ಮಲೆನಾಡಿನ ಕೆರೆ ಎರಡು ಗುಡ್ಡದ ಸಂದಿಯಲ್ಲಿರುತ್ತದೆ. ಇಲ್ಲಿ ಒಂದು ಗೇಣು ಇಳಿಸಿದರೆ ಸಿಗುವುದು ಒಂದೆರಡು ಮಾರು ಕೆಸರು. ಫ್ಲೋರಿಡಾದ ಉಪಾಯ ಇಲ್ಲಿ ಫಲ ಕೊಡದೇ ಇರುವುದು ಇದಕ್ಕೇ. ಮಲೆನಾಡಿನಲ್ಲಿ ಅರ್ಧ ಗೇಣು ಆಳದ, ಸಮತಟ್ಟಾದ, ಎಕರೆಗಟ್ಟಲೆ ನೀರು ಇರುವುದು ಒಂದೇ ಕಡೆ, ಬದು ಕಟ್ಟಿದ ಭತ್ತದ ಗದ್ದೆ. ಅದನ್ನು ಮಾಡಿದವರು ನಿಮ್ಮ ಅಜ್ಜ, ಮುತ್ತಜ್ಜ.

ಹಾಗಾಗಿ ಕೆರೆ ಬಿಟ್ಟು ಸುತ್ತ ಒಮ್ಮೆ ನೋಡಿ ಬನ್ನಿ. ಹತ್ತು ವರ್ಷದ ಹಿಂದೆ ಗದ್ದೆಯಾಗಿದ್ದದ್ದು ಎಷ್ಟು ಈಗ ಅಡಿಕೆ ತೋಟ? ಎಷ್ಟು ಪಾಳು ಬಿದ್ದು ಹುಲ್ಲು ಬೆಳೆದಿದೆ? ಯಾರನ್ನೂ ದೂರುತ್ತಿಲ್ಲ, ಭತ್ತ ಬೆಳೆದರೆ ಕೂಲಿಯೂ ಹುಟ್ಟುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಮುಂಡಿಗೆಯಲ್ಲಿ ಕುಳಿತ ಬೆಳ್ಳಕ್ಕಿ ಮರಿಗೆ ಅದು ಊಟದ ಮನೆಯ ಬಾಗಿಲು ಹಾಕಿದ ಹಾಗೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣವನ್ನೂ ಇಲ್ಲೇ ಹೇಳಬೇಕು. ಅದರಲ್ಲಿರುವುದು ಮೈಲುತುತ್ತ, ತಾಮ್ರ. ಗೊದಮೊಟ್ಟೆಗೂ ಸಣ್ಣ ಮೀನಿಗೂ ಅದು ವಿಷ. ಔಷಧಿ ಹೊಡೆಯಬೇಡಿ ಎಂದು ಅಡಿಕೆ ಬೆಳೆಗಾರರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ. ಡ್ರಮ್, ಪೈಪು ತೊಳೆದ ನೀರನ್ನು ಕೆರೆಗೆ, ಗದ್ದೆಯ ಕಾಲುವೆಗೆ ಬಿಡಬೇಡಿ, ಅಷ್ಟು ಸಾಕು.

ಕರಾವಳಿಯವರಿಗೆ ಇದೆಲ್ಲ ಬೇರೆ ಥರ ಕಾಣುತ್ತದೆ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ, ಎವರ್‌ಗ್ಲೇಡ್ಸ್‌ನಲ್ಲಿ ಆರು ತಿಂಗಳಿಗೊಮ್ಮೆ ಆಗುವ ಏರಿಳಿತ ದಿನಕ್ಕೆರಡು ಸಲ ಆಗುತ್ತದೆ. ಇಳಿತದ ಹೊತ್ತಿಗೆ ಗಜನಿಯ (ಉಪ್ಪುನೀರು ನುಗ್ಗುವ, ಒಡ್ಡು ಕಟ್ಟಿದ ಗದ್ದೆಯ) ಬಾಗಿಲು ತೆಗೆದು ನೀರು ಹೊರಗೆ ಬಿಟ್ಟಾಗ ಬೆಳ್ಳಕ್ಕಿಗಳು ಸಾಲಾಗಿ ಬಂದು ನಿಲ್ಲುವುದನ್ನು ನೋಡಿದವರಿಗೆ ಫ್ಲೋರಿಡಾದ ಪಾಠ ಬೇಕಾಗಿಲ್ಲ. 2024ರಲ್ಲಿ ಆ ಅಳಿವೆಗೆ ರಾಮ್ಸರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ಎಂಬ ಮನ್ನಣೆ, ಸಿಕ್ಕಿದೆ. ನಿಮ್ಮ ಕೆರೆಗೆ ಯಾವ ಪಟ್ಟವೂ ಬರುವುದಿಲ್ಲ, ಅದನ್ನು ನೋಡಿಕೊಳ್ಳಬೇಕಾದವರು ನೀವೇ.

ಏನು ಮಾಡಬೇಕು ಅಂದರೆ, ಈಗ ಏನೂ ಮಾಡಬೇಡಿ. ಸೆಪ್ಟೆಂಬರ್ ಕೊನೆ ತನಕ ಮುಂಡಿಗೆಯ ಸುತ್ತ ಸೊಂಟದ ಮಟ್ಟಕ್ಕಾದರೂ ನೀರು ಇರಲಿ. ತೆಪ್ಪ ತೆಗೆದುಕೊಂಡು ಗೂಡು ನೋಡಲು ಹೋಗಬೇಡಿ, ಹುಡುಗರು ಡ್ರೋನ್ ಹಾರಿಸದಂತೆ ನೋಡಿಕೊಳ್ಳಿ. ದೊಡ್ಡ ಹಕ್ಕಿ ಒಮ್ಮೆ ಎದ್ದರೆ ಕಾಗೆ ಕಾಯುತ್ತಲೇ ಇರುತ್ತದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆ, ಗೂಡು ಕೆಡಿಸುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ, ಇದನ್ನು ಸ್ವಲ್ಪ ಜೋರಾಗಿ ಹೇಳಿ.

ಮಳೆಗಾಲ ಮುಗಿದ ಮೇಲೆ ಕೋಡಿಯ ವಿಷಯ ಮಾತಾಡಿ. ಎರಡಡಿ ಹೆಚ್ಚುವರಿ ನೀರು ಬೇಸಿಗೆಗೆ ಬೇಕೇ ಬೇಕು ಎಂದು ಊರವರು ಹಟ ಹಿಡಿದರೆ ಜಗಳ ಬೇಡ, ನಡುವಿನ ದಾರಿ ಇದೆ. ಕೋಡಿಯ ಏರಿಸಿದ ಭಾಗದಲ್ಲಿ ಹಲಗೆ ಕೂರಿಸುವಂತೆ ಒಂದು ಸಂದು ಬಿಡಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಲಗೆ ಇಲ್ಲ, ನೀರು ಹಳೆಯ ಮಟ್ಟದಲ್ಲೇ ಕೋಡಿ ಬೀಳಲಿ. ಸೆಪ್ಟೆಂಬರ್ ಕೊನೆಗೆ ಮರಿಗಳು ಹೋದ ಮೇಲೆ ಹಲಗೆ ಹಾಕಿ, ಕೊನೆಯ ಮಳೆಯನ್ನೂ ಹಳ್ಳದ ಒರತೆಯನ್ನೂ ಹಿಡಿದುಕೊಳ್ಳಿ. ಮುಂಡಿಗೆಗೂ ಇದು ಒಳ್ಳೆಯದು. ಬುಡದಲ್ಲಿ ನೀರು ನಿಂತರೆ ಅದಕ್ಕೆ ಏನೂ ಆಗದು, ತಲೆಯೇ ತಿಂಗಳುಗಟ್ಟಲೆ ಮುಳುಗಿದರೆ ಕೊಳೆಯುತ್ತದೆ.

ದಡವನ್ನು ಒಂದು ಬದಿಯಲ್ಲಾದರೂ ಮತ್ತೆ ಇಳಿಜಾರು ಮಾಡಿಸಿ, ಅದೂ ಗದ್ದೆಯ ಕಡೆಯ ಬದಿ. ಹತ್ತಡಿ ಒಳಗೆ ಹೋದರೆ ಒಂದಡಿ ಆಳ, ಅಷ್ಟು ನಿಧಾನದ ಇಳಿಜಾರು. ಕೆಲಸ ಏಪ್ರಿಲ್ ಒಳಗೆ ಮುಗಿಯಲಿ. ಮೇ ಕೊನೆಯಲ್ಲಿ ಜೆಸಿಬಿ ಸದ್ದು ಇದ್ದರೆ ಬಂದ ಹಕ್ಕಿ ಒಂದು ಸುತ್ತು ಹಾಕಿ ಹೋಗಿಬಿಡುತ್ತದೆ. ಹೂಳಿನ ರಾಶಿಯನ್ನು ಮುಂಡಿಗೆಯ ಬುಡಕ್ಕೆ ಸುರಿಯಬೇಡಿ, ಹಾಗೆ ಮಾಡಿದರೆ ನಡುಗಡ್ಡೆಗೆ ನೀವೇ ಸೇತುವೆ ಕಟ್ಟಿಕೊಟ್ಟಂತೆ.

ತೂಬಿನ ಕಂಬಕ್ಕೆ ಅಡಿ, ಇಂಚು ಬಣ್ಣದಲ್ಲಿ ಬರೆದು, ಹಳೆಯ ಕೋಡಿಯ ಮಟ್ಟಕ್ಕೆ ಒಂದು ಕೆಂಪು ಗೆರೆ ಎಳೆದುಬಿಡಿ. ಜೂನ್ ಒಂದರಿಂದ ದಿನಾ ಬೆಳಿಗ್ಗೆ ಹಾಲು ಹಾಕಲು ಹೋಗುವವರು ಯಾರಾದರೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಲಿ. ವಾರಕ್ಕೊಮ್ಮೆ ಏರಿಯ ಮೇಲಿಂದ ಗೂಡು ಎಣಿಸಿ, ಬೆಳ್ಳಕ್ಕಿ ಬೇರೆ, ನೀರುಕಾಗೆ ಬೇರೆ, ಕೆಳಗಿನವು ಬೇರೆ, ಮೇಲಿನವು ಬೇರೆ. ಸಂಜೆ ಐದರ ನಂತರ ಅರ್ಧ ಗಂಟೆ ಕುಳಿತು ಗೂಡಿಗೆ ಬರುವ ಹಕ್ಕಿಗಳು ಯಾವ ದಿಕ್ಕಿನಿಂದ ಬರುತ್ತವೆ ಎಂದೂ ಬರೆದಿಡಿ. ಅವು ಬರುವ ದಿಕ್ಕಿನಲ್ಲೇ ಉಳಿದ ಗದ್ದೆ ಇರುತ್ತದೆ, ಆ ಗದ್ದೆಯವರನ್ನು ಮೊದಲು ಹೋಗಿ ಮಾತಾಡಿಸಿ.